ಬೆಸವಾಗಬಾರದ ಸಂಖ್ಯೆ

ವಿಜ್ಞಾನ ಪತ್ರಿಕೆಯ ಪರಿಶೀಲಕರು ಕೇಳಿದ್ದು ಒಂದೇ ಒಂದು ಚಿತ್ರ. ಲೇಖನದ ಉಳಿದ ಭಾಗದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ನಮ್ಮ ಮಾದರಿಯ ಸಿಲಿಂಡರಿನೊಳಗೆ ಕಾಂತೀಯ ಫ್ಲಕ್ಸ್ ತುಂಬಿದಾಗ ಎಷ್ಟು ಚಾರ್ಜ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ ಎಂಬುದನ್ನು ನೇರವಾಗಿ ಲೆಕ್ಕಮಾಡಿ ತೋರಿಸಿ ಎಂದಿದ್ದರು. ಎರಡು ಬಂದರೆ ನಮ್ಮ ವಾದ ಉಳಿಯುತ್ತದೆ. ಬೇರೆ ಏನು ಬಂದರೂ ಲೇಖನವನ್ನು ಹಿಂದಕ್ಕೆ ಪಡೆಯಬೇಕು.

ಈ ಕೆಲಸಕ್ಕೆ ಕುಳಿತವರು ಮೂವರು. ಗುಂಪಿನ ಮುಖ್ಯಸ್ಥೆ ಧಾರವಾಡದವರು, ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಪಿಎಚ್‌ಡಿ ವಿದ್ಯಾರ್ಥಿನಿಯ ತಂದೆತಾಯಿ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಗೋವಾಕ್ಕೆ ಬಂದು ಕೆಪೆಯಲ್ಲಿ ನೆಲೆಸಿದವರು. ಅವಳು ಬೆಳೆದದ್ದೂ ಅಲ್ಲಿಯೇ. ಮೂರನೆಯವನು ನಾನು, ಗುಂಪಿನಲ್ಲಿ ಕೋಡ್ ಬರೆಯುವವನು. ಲೇಖನ ಅವಳ ಪ್ರಬಂಧದ ಬೆನ್ನೆಲುಬಾಗಿತ್ತು, ಮತ್ತು ಅವಳ ಫೆಲೋಶಿಪ್ ಆ ವರ್ಷವೇ ಮುಗಿಯುವುದಿತ್ತು. ಲೇಖನ ಬಿದ್ದರೆ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಗ್ರಂಥಸೂಚಿ ಎಂದು ಅವಳೇ ನಗುತ್ತ ಹೇಳುತ್ತಿದ್ದಳು. ಆ ನಗು ಯಾರಿಗೂ ಅಂಟುತ್ತಿರಲಿಲ್ಲ.

ನಾವು ಅಧ್ಯಯನ ಮಾಡುತ್ತಿದ್ದ ವಸ್ತು ಕಂಪ್ಯೂಟರಿನೊಳಗೆ ಮಾತ್ರ ಇದೆ. ಚೌಕುಳಿ ಜಾಲರಿಯ ಮೇಲೆ ಎರಡು ಬಗೆಯ ಬೋಸಾನ್ ಕಣಗಳು ಓಡಾಡುತ್ತವೆ. ಗುರುತಿಗೆಂದು ಒಂದನ್ನು ಕೆಂಪು, ಇನ್ನೊಂದನ್ನು ನೀಲಿ ಎಂದು ಕರೆದಿದ್ದೆವು. ಎಲೆಕ್ಟ್ರಾನ್‌ಗಳಾದರೆ ಒಂದು ಜಾಗದಲ್ಲಿ ಒಂದೇ ಕೂರುತ್ತದೆ, ಆ ಶಿಸ್ತಿನಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಬೋಸಾನ್‌ಗಳಿಗೆ ಅಂಥ ನಿಯಮವಿಲ್ಲ, ಎಷ್ಟಾದರೂ ಒಂದೆಡೆ ಗುಂಪುಗೂಡುತ್ತವೆ. ಅವುಗಳ ನಡುವೆ ಬಲವಾದ ವಿಕರ್ಷಣೆ ಇಟ್ಟು, ಕೃತಕ ಕಾಂತಕ್ಷೇತ್ರದಲ್ಲಿ ಕೂಡಿಹಾಕಿದಾಗ ಮಾತ್ರ ಅವು ಟೋಪೋಲಾಜಿಕಲ್ ಎನ್ನುವ ಸ್ಥಿತಿಗೆ ಬರುತ್ತವೆ. ಒಳಭಾಗ ನಿರೋಧಕ, ಅಂಚು ವಾಹಕ. ಸುಮ್ಮನೆ ಬಿಟ್ಟರೆ ಒಳಭಾಗಕ್ಕೂ ಸಾಧಾರಣ ನಿರೋಧಕಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವಿದ್ಯುತ್ತನ್ನೋ ಕಾಂತವನ್ನೋ ಹಾಕಿ ಕೆಣಕಿದಾಗ ಮಾತ್ರ ಗುಣ ಬಯಲಾಗುತ್ತದೆ.

ಕೆಣಕುವ ವಿಧಾನ ಹೀಗೆ. ಜಾಲರಿಯನ್ನು ಸುರುಳಿ ಸುತ್ತಿ ಉದ್ದನೆಯ ಸಿಲಿಂಡರ್ ಮಾಡುವುದು. ಅದರ ಟೊಳ್ಳಿನೊಳಗೆ ಫ್ಲಕ್ಸನ್ನು ಸೊನ್ನೆಯಿಂದ ಒಂದು ಪೂರ್ತಿ ಘಟಕದವರೆಗೆ ನಿಧಾನವಾಗಿ ಏರಿಸುವುದು. ಪೂರ್ತಿ ಘಟಕ ತುಂಬಿದಾಗ ಕಣಗಳ ಪಾಲಿಗೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಆದರೆ ಅಷ್ಟರಲ್ಲಿ ಒಂದಿಷ್ಟು ಚಾರ್ಜ್, ಕಣಕ್ಕೊಂದರ ಲೆಕ್ಕದಲ್ಲಿ, ಎಡದಿಂದ ಬಲಕ್ಕೆ ದಾಟಿರುತ್ತದೆ. ಆ ಸಂಖ್ಯೆ ನಮ್ಮದರಂಥ ವಸ್ತುವಿನಲ್ಲಿ ಸಮಸಂಖ್ಯೆಯೇ ಆಗಿರಬೇಕು. ಯಾಕೆ ಎಂದು ಮೇಡಂ ಕ್ಯಾಂಟೀನಿನಲ್ಲಿ ಹೊಸಬರಿಗೆಲ್ಲ ಹೇಳುತ್ತಿದ್ದರು.

"ಒಂದು ಪೂರ್ತಿ ಫ್ಲಕ್ಸ್ ಕಣಕ್ಕ ಕಾಣೂದ ಇಲ್ರಿ. ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಆದ್ರ ಅದರ ಸುತ್ತ ಕೂಡಿದ ಚಾರ್ಜ್ ಬೆಸ ಆತಂದ್ರ, ಆ ಗಂಟು ಫರ್ಮಿಯಾನ್ ಹಂಗ ನಡಕೋತದ, ಎಲೆಕ್ಟ್ರಾನ್ ಜಾತಿ. ಬರೇ ಬೋಸಾನ್ ಇದ್ದ ಮನಿಯೊಳಗ ಫರ್ಮಿಯಾನ್ ಎಲ್ಲಿಂದ ಹುಟ್ಟತದ? ಹುಟ್ಟಬೇಕಂದ್ರ ತಳದ ಸ್ಥಿತಿ, ಅಂದ್ರ ಎಲ್ಲಕ್ಕಿಂತ ಕಡಿಮಿ ಶಕ್ತಿದ್ದು, ಒಂದ ಇರಬಾರದು, ಹಲವು ಇರಬೇಕು. ನಾವು ಒಂದ ಅದ ಅಂತ ಬರದು ಕೂತೀವಿ."

ನಮ್ಮ ಗುಂಪಿನಲ್ಲೊಂದು ರೂಢಿಯಿತ್ತು. ದೊಡ್ಡ ಲೆಕ್ಕವನ್ನು ಯಂತ್ರಕ್ಕೆ ಕೊಡುವ ಮುಂಚೆ ಪ್ರತಿಯೊಬ್ಬರೂ ಏನು ಉತ್ತರ ಬರುತ್ತದೆ, ಯಾಕೆ ಬರುತ್ತದೆ ಎಂದು ಚಹಾದ ಮುಂದೆ ಬಾಯಿಬಿಟ್ಟು ಹೇಳಬೇಕು. ತಪ್ಪಿದವರು ಮರುದಿನದ ಚಹಾ ಕುಡಿಸಬೇಕು. ಈ ಸಲ ಮೂವರೂ ಎರಡು ಎಂದೆವು. ನಾನು ಇನ್ನೊಂದು ಮಾತು ಸೇರಿಸಿದೆ: ಹಿಂದಿನ ವರ್ಷ ಇದೇ ಮಾದರಿಯನ್ನು ಪುಟ್ಟ ಜಾಲರಿಯ ಮೇಲೆ ಬೇರೆ ವಿಧಾನದಿಂದ ಮಾಡಿದಾಗ ಎರಡು ಬಂದದ್ದು ನನಗೆ ನೆನಪಿದೆ.

"ಆ ಫೈಲ್ ಎಲ್ಲೈತ್ರಿ ಸರ್?" ಎಂದಳು ವಿದ್ಯಾರ್ಥಿನಿ.

ಆ ಲ್ಯಾಪ್‌ಟಾಪಿನ ಡಿಸ್ಕ್ ಸತ್ತು ಬಹಳ ಕಾಲವಾಗಿತ್ತು. ಹಾಗೆ ಹೇಳುವಾಗಲೇ ನನಗೆ ಅನುಮಾನ ಶುರುವಾಯಿತು. ಪರದೆಯ ಮೇಲೆ ಎರಡು ಎಂಬ ಅಂಕಿಯನ್ನು ನಿಜಕ್ಕೂ ನೋಡಿದ್ದೆನೋ, ಅಥವಾ ಬರಬೇಕು ಎಂದು ಅಷ್ಟು ಸಲ ಅಂದುಕೊಂಡದ್ದರಿಂದ ನೋಡಿದಂತಾಗಿತ್ತೋ?

ಲೆಕ್ಕ ಮೊದಲ ಸಲ ಅರ್ಧದಾರಿಯಲ್ಲೇ ಕೆಟ್ಟಿತು. ಫ್ಲಕ್ಸಿನ ಪ್ರತಿ ಹೆಜ್ಜೆಯಲ್ಲೂ ಕಂಪ್ಯೂಟರ್ ಹಿಂದಿನ ಹೆಜ್ಜೆಯ ಸ್ಥಿತಿಯನ್ನು ಹಿಡಿದುಕೊಂಡೇ ಮುಂದಿನದನ್ನು ಹುಡುಕಬೇಕು. ಹೊಸದಾಗಿ ಹುಡುಕಿದರೆ ಎಷ್ಟು ಚಾರ್ಜ್ ದಾಟಿದೆ ಎಂಬ ಎಣಿಕೆ ಕಳೆದುಹೋಗುತ್ತದೆ. ನಾವು ಹೆಜ್ಜೆಗಳನ್ನು ದೊಡ್ಡದಾಗಿ ಇಟ್ಟಿದ್ದೆವು. ಚೆನ್ನಾಗಿ ಏರುತ್ತಿದ್ದ ಗೆರೆ ನಡುವೆ ಮುರಿದು ದೊಪ್ಪನೆ ಸೊನ್ನೆಗೆ ಬಿತ್ತು. ಹೆಜ್ಜೆ ಸಣ್ಣದು ಮಾಡಿ, ಸ್ಥಿತಿಯ ವಿವರಗಳನ್ನು ಇನ್ನಷ್ಟು ಉಳಿಸಿಕೊಳ್ಳುವಂತೆ ಮಾಡಿ ಮತ್ತೆ ಬಿಟ್ಟೆವು. ಆಗ ಸರ್ವರ್ ಕೋಣೆಯ ಏಸಿ ಕೈಕೊಟ್ಟಿತು.

ಕೋಣೆ ನೋಡಿಕೊಳ್ಳುತ್ತಿದ್ದವರು ವಾಸ್ಕೋದ ಕೊಂಕಣಿ ಮಾತಿನವರು. ಕನ್ನಡದ ಹುಡುಗರ ಜೊತೆ ಗಲ್ಲಿಯಲ್ಲಿ ಆಡಿ ಬೆಳೆದವರಾದ್ದರಿಂದ ನಮ್ಮ ಜೊತೆ ಅವರದು ಕನ್ನಡವೇ. ನನಗೆ ಫೋನ್ ಮಾಡಿದರು.

"ಕಿತೆಂ ರೇ ಬಾಬಾ, ಏನ್ ಕುದಸಾಕತ್ತಿ ಒಳಗ? ಸಮುದ್ರದ ಗಾಳಿಗಿ ಏಸಿ ಕಾಯಿಲ್ ಎಲ್ಲಾ ತಿಂದು ಹೋಗೈತಿ. ನಿನ್ನ ಬೋಸಾನ್ ಬಂದ್ ಮಾಡ್ತಿಯೋ, ನಾ ಬಂದ್ ಮಾಡ್ಲೋ?"

"ಇನ್ನೊಂದ್ ಸ್ವಲ್ಪ ಐತ್ರಿ, ಅರ್ಧಕ್ಕ ಬಂದೈತಿ."

"ಅರ್ಧಕ್ಕ ಬಂದೈತಿ ಅಂತ ನೀ ಹೋದ ವಾರನೂ ಅಂದಿದ್ದಿ."

ಅವರೇ ನಿಲ್ಲಿಸಿದರು. ಅರ್ಧಂಬರ್ಧ ಉಳಿಸಿದ್ದ ಸ್ಥಿತಿ ಓದಲು ಬರಲಿಲ್ಲ. ಕಾಯಿಲ್ ಬದಲಾಗುವವರೆಗೆ ಕಾದು, ಮತ್ತೆ ಸೊನ್ನೆಯಿಂದ ಶುರುಮಾಡಿದೆವು.

ಈ ಸಲ ಯಾವ ಅಡ್ಡಿಯೂ ಬರಲಿಲ್ಲ. ಗೆರೆ ಒಂದಿಷ್ಟೂ ಅಲುಗದೆ ಏರಿತು. ನಾವು ಮೂವರೂ ಮೇಡಂ ಕೋಣೆಯಲ್ಲಿ ಒಂದೇ ಪರದೆಗೆ ಮುಖ ಒಡ್ಡಿ ಕೂತಿದ್ದೆವು. ಫ್ಲಕ್ಸ್ ಪೂರ್ತಿ ತುಂಬಿತು. ಗೆರೆ ಒಂದಕ್ಕೆ ಬಂದು ನಿಂತಿತು. ಸರಿಯಾಗಿ ಒಂದು.

ಕೆಟ್ಟ ಉತ್ತರವಾಗಿದ್ದರೆ, ಒಂದೂಕಾಲೋ ಒಂದೂಮುಕ್ಕಾಲೋ ಬಂದಿದ್ದರೆ, ಲೆಕ್ಕದ ಒರಟುತನ ಎನ್ನಬಹುದಿತ್ತು. ಇದು ಅಷ್ಟು ಸ್ವಚ್ಛವಾದ ಪೂರ್ಣಾಂಕ. ವಿದ್ಯಾರ್ಥಿನಿ ಕುರ್ಚಿಯಿಂದ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು.

"ನಾಳೆ ಚಹಾ ಮೂರೂ ಮಂದಿ ಕುಡಸಬೇಕು," ಎಂದರು ಮೇಡಂ.

ಮೊದಲು ಅನುಮಾನ ಬಂದದ್ದು ಫ್ಲಕ್ಸ್ ಹಾಕಿದ ರೀತಿಯ ಮೇಲೆ. ಸಿಲಿಂಡರಿನ ಉದ್ದಕ್ಕೂ ಒಂದು ಹೊಲಿಗೆಯಂಥ ಗೆರೆ ಇರುತ್ತದೆ. ಅದನ್ನು ದಾಟುವ ಪ್ರತಿ ಕಣಕ್ಕೂ ಒಂದು ಕೋನ ಸೇರಿಸಿದರೆ ಒಳಗೆ ಫ್ಲಕ್ಸ್ ಇದ್ದಂತೆಯೇ. ಕೋನವನ್ನು ಎರಡೂ ಬಣ್ಣಕ್ಕೆ ಹಾಕಿದ್ದೆ ಎಂದು ನಾನು ಹೇಳಿದೆ. ಹೇಳಿ, ನನ್ನನ್ನೇ ನಂಬದೆ ಕೋಡ್ ತೆರೆದೆ. ಹಾಕಿದ್ದೆ. ಆಮೇಲೆ ಹೊಲಿಗೆಯ ಜಾಗವನ್ನೇ ಬದಲಿಸಿ ನೋಡಿದೆವು. ಹೊಲಿಗೆ ಎಲ್ಲಿದ್ದರೂ ಉತ್ತರ ಬದಲಾಗಬಾರದು. ಬದಲಾಗಲಿಲ್ಲ, ಒಂದೇ ಬಂತು. ಇನ್ನು ಉಳಿದ ದಾರಿ, ಮೇಡಂ ಹೇಳಿದಂತೆ ತಳದ ಸ್ಥಿತಿ ಒಂದಕ್ಕಿಂತ ಹೆಚ್ಚಿರುವುದು. ಬೇರೆ ಬೇರೆ ಆರಂಭಗಳಿಂದ ಹುಡುಕಿಸಿದೆವು. ಪ್ರತಿ ಸಲವೂ ಅದೇ ಒಂದು ಸ್ಥಿತಿಗೆ ಬಂದು ಮುಟ್ಟಿತು.

ಒಂದೇ ಸ್ಥಿತಿ, ಬೆಸ ಚಾರ್ಜ್. ಇವೆರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ ಎನ್ನುತ್ತದೆ ಸಿದ್ಧಾಂತ. ಒಂದು ಮಧ್ಯಾಹ್ನ ಪೂರ್ತಿ ನಾನು ಸಿದ್ಧಾಂತವೇ ತಪ್ಪಿರಬಹುದೆಂದು ಕನಸು ಕಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಕನಸನ್ನು ಮೇಡಂ ಮುಂದೆ ಇಟ್ಟೆ.

"ಜಗತ್ತೆಲ್ಲಾ ತಪ್ಪು, ನಮ್ಮ ಸಿಲಿಂಡರ್ ಒಂದ ಖರೇ ಅಂತೀರೇನು?" ಎಂದರು ಅವರು. "ನಾ ಹೇಳೂದು ಕೇಳ್ರಿ. ಸಂಪಾದಕರಿಗೆ ಉತ್ತರಾ ಕೊಡೂ ದಿನ ಹತ್ರ ಬಂದದ. ಹಿಂದಕ್ಕ ತಗೊಳ್ಳೋಣ. ತಪ್ಪು ಅಂತ ಗೊತ್ತಾಗಿ ಇಟ್ಕೊಂಡು ಕೂಡೂದು ಚಲೋ ಅಲ್ಲ."

ನಾನು ವಿದ್ಯಾರ್ಥಿನಿಯ ಮುಖ ನೋಡಿದೆ. ಅವಳು ಬೇಡ ಎನ್ನಲಿಲ್ಲ. "ಒಂದ್ ನಾಕ್ ದಿನ ತಡೀರಿ ಮೇಡಂ," ಎಂದಳು ಅಷ್ಟೆ.

ಆ ನಾಲ್ಕು ದಿನಗಳಲ್ಲಿ ಮೊದಲರ್ಧವನ್ನು ನಾನು ಹಳೆಯ ಎರಡನ್ನು ಹುಡುಕುವುದರಲ್ಲಿ ಕಳೆದೆ. ಯಾರಿಗಾದರೂ ಮೇಲ್ ಕಳಿಸಿದ್ದೆನೋ, ಯಾವ ಗೋಷ್ಠಿಯಲ್ಲಾದರೂ ಹೇಳಿದ್ದೆನೋ ಎಂದು ಪರಿಚಿತರಿಗೆಲ್ಲ ಫೋನ್ ಮಾಡಿದೆ. ಒಬ್ಬರು ಹೌದು, ನೀನು ಎರಡು ಎಂದಿದ್ದೆ ಎಂದರು, ಇನ್ನೊಬ್ಬರು ನೀನು ಒಂದು ಎಂದಿದ್ದೆ ಎಂದರು. ವಾಸ್ಕೋದ ಮಂಗೋರ್ ಹಿಲ್‌ನ ನನ್ನ ಮನೆಗೆ ಬಂದರೂ ಅದೇ ಯೋಚನೆ. ಅಲ್ಲಿ ಅಕ್ಕನ ಜೊತೆ ನನ್ನ ವಾಸ. ಒಂದು ಸಂಜೆ ಅವಳು ವೆರ್ಣಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಂಪನಿ ಬಸ್ಸು ಇಳಿದು ಬಂದು, ನಾನು ಬೀಗ ಹಾಕಿದೆನೋ ಇಲ್ಲವೋ ಎಂದು ಎರಡನೇ ಸಲ ಬಾಗಿಲಿಗೆ ಹೋಗಿದ್ದನ್ನು ನೋಡಿದಳು.

"ಏ ತಮ್ಮಾ, ಬೀಗಕ್ಕೂ ಪರೀಕ್ಷೆ ತಗೊಳ್ಳಾಕತ್ತಿಯೇನು?"

ಕೂರಿಸಿಕೊಂಡು ವಿಷಯ ಹೇಳಿದೆ. ನೆನಪಿನ ಮಾತು ಬಂದಾಗ, ಸಣ್ಣವನಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬಂದರಿನ ಹಡಗು ತೋರಿಸಿದ್ದು ಎಷ್ಟು ಸ್ಪಷ್ಟವಾಗಿ ನೆನಪಿದೆ, ಇದು ಮಾತ್ರ ಯಾಕೆ ಮಸುಕು ಎಂದೆ.

"ಅಪ್ಪನ ಹೆಗಲ ಮ್ಯಾಲ ಕೂತಾಕಿ ನಾನೋ. ನೀ ಅವ್ವನ ಬಗಲಾಗ ಮಲಗಿದ್ದಿ, ಹಡಗ ನೋಡೇ ಇಲ್ಲ. ನಾ ಹೇಳಿದ್ದ ಕೇಳಿ ಕೇಳಿ ನಿಂದ ಮಾಡ್ಕೊಂಡಿ."

ಅರ್ಧ ಗಂಟೆ ಜಗಳವಾಡಿದೆವು. ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ತೀರ್ಪು ಕೊಡಲು ಅಪ್ಪ ಅವ್ವ ಇಬ್ಬರೂ ಇಲ್ಲ. ಕೊನೆಗೆ ಅವಳು ರೊಟ್ಟಿ ತಟ್ಟಲು ಎದ್ದು ಹೋದಳು. ನಾನು ಕೂತಲ್ಲೇ ಒಂದು ನಿರ್ಧಾರಕ್ಕೆ ಬಂದೆ. ಹಳೆಯ ಎರಡನ್ನು ಹುಡುಕುವುದು ಬಿಡಬೇಕು. ಅದು ಸಿಕ್ಕರೂ ಈಗಿನ ಒಂದನ್ನು ಅಳಿಸುವುದಿಲ್ಲ. ನನಗೆ ಯಾವ ನೆನಪೂ ಇಲ್ಲದ, ಮೂವರಲ್ಲಿ ಯಾರೂ ಉತ್ತರ ಹೇಳಿರದ ಒಂದು ಪ್ರಶ್ನೆಯನ್ನು ಯಂತ್ರಕ್ಕೆ ಹಾಕಬೇಕು.

ಮರುದಿನ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಹೇಳಿದೆ: "ಎರಡೂ ಬಣ್ಣಕ್ಕೆ ಒಟ್ಟಿಗೆ ಫ್ಲಕ್ಸ್ ಹಾಕೂದು ಬ್ಯಾಡ. ಮೊದಲು ಕೆಂಪಿಗಷ್ಟ ಹಾಕೋಣ. ಆಮ್ಯಾಲೆ ನೀಲಿಗಷ್ಟ. ಮತ್ತ ಈ ಸಲ ಏನ್ ಬರತೈತಿ ಅಂತ ಯಾರೂ ಬಾಯಿ ಬಿಡಬಾರದು."

ಮೇಡಂ ಚಹಾದ ಲೋಟ ಕೆಳಗಿಟ್ಟರು. ಆ ರೂಢಿ ಅವರೇ ತಂದದ್ದು.

"ಯಾಕ್ರಿ?"

"ಎರಡು ಅಂತ ಮೂರೂ ಮಂದಿ ಮೊದಲ ಹೇಳಿಬಿಟ್ಟಿವಿ. ಅದಕ್ಕ ಒಟ್ಟು ಸಂಖ್ಯೆ ಬಿಟ್ಟು ಬ್ಯಾರೆ ಏನೂ ನೋಡಲೇ ಇಲ್ಲ."

ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ, "ಆತು, ಇದೊಂದ್ಸಲ ಬಾಯಿ ಮುಚ್ಚಿಕೊಂಡ ಇರ್ತೀನಿ," ಎಂದರು. ಅವರ ಮಟ್ಟಿಗೆ ಅದು ದೊಡ್ಡ ತ್ಯಾಗ.

ಕೆಂಪಿಗಷ್ಟೇ ಹಾಕಿದೆವು. ಗೆರೆ ಮೇಲೇಳಲೇ ಇಲ್ಲ. ಶುರುವಿನಿಂದ ಕೊನೆಯವರೆಗೆ ನೆಲ ಹಿಡಿದುಕೊಂಡಿತ್ತು: ಸೊನ್ನೆ. ನೀಲಿಗಷ್ಟೇ ಹಾಕಿದೆವು. ಗೆರೆ ಸಲೀಸಾಗಿ ಏರಿ ಒಂದಕ್ಕೆ ನಿಂತಿತು.

"ಕೂಡಿಸಿದ್ರ ಒಂದ ಆತು," ಎಂದೆ. "ಮೊದಲಿನ ಉತ್ತರಕ್ಕ ಸರಿ ಹೊಂದತೈತಿ."

ವಿದ್ಯಾರ್ಥಿನಿ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಲೇ ಇದ್ದಳು.

"ಸರ್, ಹೊಂದೂದಿಲ್ರಿ."

"ಯಾಕ?"

"ಕೆಂಪಿಗೂ ನೀಲಿಗೂ ಏನ್ ಫರಕ ಐತ್ರಿ? ನಾವ ಹೆಸರಷ್ಟ ಬ್ಯಾರೆ ಇಟ್ಟೀವಿ. ಸಮೀಕರಣದಾಗ ಎರಡೂ ಒಂದ. ಅದಲು ಬದಲು ಮಾಡಿದ್ರ ಗೊತ್ತೂ ಆಗೂದಿಲ್ಲ. ಹಂಗಿದ್ಮ್ಯಾಲ ಒಂದಕ್ಕ ಸೊನ್ನಿ, ಇನ್ನೊಂದಕ್ಕ ಒಂದು ಹೆಂಗ ಬಂತ್ರಿ?"

ಅವಳು ಹೇಳಿದ್ದು ಸರಿಯಾಗಿತ್ತು. ವಸ್ತುವಿನಲ್ಲಿ ಎರಡು ಬಣ್ಣಗಳು ಅವಳಿಜವಳಿ. ಉತ್ತರದಲ್ಲಿ ಭೇದ ಇದೆ ಎಂದರೆ ಭೇದ ಮಾಡುತ್ತಿರುವುದು ವಸ್ತುವಲ್ಲ. ಫ್ಲಕ್ಸ್ ಹಾಕುವ ಭಾಗವನ್ನು ನಾವು ಎಲ್ಲ ಕಡೆಯಿಂದ ಪರೀಕ್ಷಿಸಿದ್ದೆವು. ಉಳಿದದ್ದು ನೋಡುವ ಭಾಗ, ಅಂದರೆ ದಾಟಿದ ಚಾರ್ಜನ್ನು ಅಳೆಯುವ ಕೋಡ್.

ಅದನ್ನು ಅದುವರೆಗೆ ಯಾರೂ ತೆರೆದಿರಲಿಲ್ಲ. ಗುಂಪು ಎಲೆಕ್ಟ್ರಾನ್‌ಗಳ ಮೇಲೆ ಕೆಲಸ ಮಾಡುತ್ತಿದ್ದ ಕಾಲದಿಂದ ಬಂದದ್ದು, ಪ್ರತಿ ಸಲವೂ ಸರಿಯುತ್ತರ ಕೊಟ್ಟದ್ದು. ಎಲೆಕ್ಟ್ರಾನ್‌ಗಳಲ್ಲಿ ಒಂದೇ ಬಗೆ, ಒಂದೇ ಎಣಿಕೆ. ಕೋಡ್ ಸಹ ಎಣಿಕೆಗಳ ಸಾಲಿನಲ್ಲಿ ಮೊದಲನೆಯದನ್ನು ಓದಿ ಅದನ್ನೇ ಒಟ್ಟು ಎಂದು ಕೊಡುತ್ತಿತ್ತು. ನಮ್ಮ ಬೋಸಾನ್‌ಗಳಲ್ಲಿ ಎಣಿಕೆ ಎರಡು. ಮೊದಲನೆಯದು ಕೆಂಪು. ಇಷ್ಟು ದಿನವೂ ಅದು ಕೆಂಪನ್ನು ಮಾತ್ರ ಎಣಿಸಿತ್ತು. ನೀಲಿ ಎಷ್ಟು ಸರಿದರೂ ಅದಕ್ಕೆ ಕಾಣುತ್ತಿರಲಿಲ್ಲ.

ಆಗ ಆ ಎರಡು ಚಿತ್ರಗಳ ಅರ್ಥ ಪೂರ್ತಿ ತಿರುಗಿತು. ಕೆಂಪಿಗೆ ಫ್ಲಕ್ಸ್ ಹಾಕಿದರೆ ಕೆಂಪು ಅಲುಗುವುದಿಲ್ಲ. ನೀಲಿಗೆ ಹಾಕಿದರೆ ಕೆಂಪು ಒಂದು ದಾಟುತ್ತದೆ. ಹಾಗಿದ್ದರೆ ಕೆಂಪಿಗೆ ಹಾಕಿದಾಗ ದಾಟುವುದು ನೀಲಿ. ಒಂದನ್ನು ಕೆಣಕಿದರೆ ಇನ್ನೊಂದು ಉತ್ತರ ಕೊಡುತ್ತದೆ. ಈ ಬೋಸಾನ್ ಸ್ಥಿತಿಯ ವಿಶೇಷವೇ ಅದು. ಕಾಗದದ ಮೇಲೆ ನಾವೇ ಬರೆದದ್ದನ್ನು ಅಲ್ಲಿಯವರೆಗೆ ಯಾವ ಚಿತ್ರದಲ್ಲೂ ಕಂಡಿರಲಿಲ್ಲ. ನಮ್ಮ ಕೋಡ್ ಒಂದು ಕಣ್ಣು ಮುಚ್ಚಿಕೊಂಡೇ ಅದರ ಅರ್ಧವನ್ನು ಹಿಡಿದುಕೊಟ್ಟಿತ್ತು.

ಎರಡನೆಯ ಎಣಿಕೆಯನ್ನೂ ಓದುವಂತೆ ತಿದ್ದಿದೆವು. ಈಗ ಚಿತ್ರ ನಾಲ್ಕು. ಕೆಂಪನ್ನು ಕೆಣಕಿ ಕೆಂಪು ನೋಡಿದರೆ ಸೊನ್ನೆ, ನೀಲಿ ನೋಡಿದರೆ ಒಂದು. ನೀಲಿಯನ್ನು ಕೆಣಕಿ ಕೆಂಪು ನೋಡಿದರೆ ಒಂದು, ನೀಲಿ ನೋಡಿದರೆ ಸೊನ್ನೆ. ಎರಡನ್ನೂ ಒಟ್ಟಿಗೆ ಕೆಣಕಿದಾಗ ಒಟ್ಟು ಗೆರೆ ಒಂದನ್ನು ದಾಟಿ, ಅಲ್ಲಿ ನಿಲ್ಲದೆ ಮೇಲಕ್ಕೆ ಹೋಗಿ ಎರಡಕ್ಕೆ ಕೂತಿತು.

ಮೇಡಂ ಮೇಜಿಗೆ ಗುದ್ದಿದರು. "ಬಂತಲ್ಲೋ ಮಾರಾಯಾ!" ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.

ನನಗೆ ಇನ್ನೂ ಸಾಕಾಗಿರಲಿಲ್ಲ. ಎರಡು ಬೇಕೆಂದು ಹಂಬಲಿಸಿ, ಎರಡು ಬರುವವರೆಗೆ ತಿದ್ದಿ, ಬಂದ ಕೂಡಲೇ ನಿಲ್ಲಿಸುವುದು ಅಪಾಯದ ಕೆಲಸ. ಅಳೆಯುವ ಕೋಡನ್ನು ಬಿಟ್ಟು, ಬೇರೆ ದಾರಿಯಿಂದ ನೋಡೋಣ ಎಂದೆ. ವಿದ್ಯಾರ್ಥಿನಿ ನನ್ನ ಒಂದು ಸಾಲನ್ನೂ ಮುಟ್ಟದೆ ಹೊಸದಾಗಿ ಬರೆದಳು. ಎರಡು ತುದಿಗಳಿರುವ ಗಿಡ್ಡ ಸಿಲಿಂಡರ್. ಫ್ಲಕ್ಸ್ ಏರಿದಂತೆ ಬಲ ಅರ್ಧದಲ್ಲಿರುವ ಬೋಸಾನ್‌ಗಳ ನೇರ ಎಣಿಕೆ. ತುದಿಗಳ ಗದ್ದಲದಿಂದ ಗೆರೆ ಸ್ವಲ್ಪ ನಡುಗಿತು, ಆದರೆ ಎರಡರ ಹತ್ತಿರ ಬಂದು ನಿಂತಿತು. ಫ್ಲಕ್ಸನ್ನು ತಿರುಗುಮುರುಗಾಗಿ ತುಂಬಿದೆವು. ಎರಡು ಎಡಕ್ಕೆ ಸರಿದವು. ವಿಕರ್ಷಣೆಯನ್ನು ತೀರ ಕಡಿಮೆ ಮಾಡಿ ಆ ಸ್ಥಿತಿಯನ್ನೇ ಹಾಳುಮಾಡಿದೆವು. ಆಗ ಯಾವ ಪೂರ್ಣಾಂಕವೂ ನಿಲ್ಲಲಿಲ್ಲ, ಗೆರೆ ಅಡ್ಡಾದಿಡ್ಡಿ ಅಲೆಯಿತು. ಅದನ್ನು ನೋಡಿದಾಗ ನನಗೆ ನಿಜವಾದ ಸಂತೋಷವಾಯಿತು. ಎರಡು ಬರಬಾರದ ಕಡೆ ಅದು ಬರಲಿಲ್ಲ.

ಹಿಂದಿನ ವರ್ಷ ನಾನು ನೋಡಿದೆ ಅಂದುಕೊಂಡ ಆ ಎರಡು ನಿಜವೋ ಸುಳ್ಳೋ ಇಂದಿಗೂ ಗೊತ್ತಿಲ್ಲ. ಲೇಖನದಲ್ಲಿ ಅದರ ಮಾತಿಲ್ಲ.

ಪರಿಶೀಲಕರು ಕೇಳಿದ್ದು ಒಂದು ಚಿತ್ರ. ನಾವು ನಾಲ್ಕು ಚೌಕಗಳ ಚಿತ್ರ ಕಳಿಸಿದೆವು. ಮೇಡಂ ಅದನ್ನು ಅನುಬಂಧದಿಂದ ಎತ್ತಿ ಲೇಖನದ ಮೊದಲ ಪುಟಕ್ಕೆ ತಂದರು. ಒಪ್ಪಿಗೆಯ ಉತ್ತರ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಈ ನಾಲ್ಕು ಚೌಕಗಳನ್ನು ನೋಡಿದ ಮೇಲೆ ಕೇಳಲು ಏನೂ ಉಳಿದಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ವಿದ್ಯಾರ್ಥಿನಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಿದಳು. ಸರ್ವರ್ ಕೋಣೆಯವರು ಹೊರಗೆ ಬಂದು, "ಏನಾತು, ಬೆಂಕಿ ಬಿತ್ತೇನು?" ಎಂದು ಗಾಬರಿಯಾದರು. ವಿಷಯ ತಿಳಿದ ಮೇಲೆ ಮೀಸೆ ಸವರಿಕೊಂಡು, "ಏಸಿ ಕಾಯಿಲ್ ಬದಲಿ ಮಾಡಿದಾಂವ ನಾನು. ಪೇಪರಿನಾಗ ಹೆಸರ ಹಾಕೀರಿಲ್ಲೋ?" ಎಂದರು. ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರನ್ನು ಹಾಕಿದ್ದೆವು. ತೋರಿಸಿದೆವು. ಎರಡು ಸಲ ಓದಿಸಿಕೊಂಡರು.

ಆಮೇಲೆ ವಿದ್ಯಾರ್ಥಿನಿ ಮೆಟ್ಟಿಲ ಮೇಲೆ ಕೂತು ಕೆಪೆಗೆ ಫೋನ್ ಹಚ್ಚಿದಳು. ಆ ಕಡೆ ಅವಳ ತಾಯಿ ಕೆಲಸದ ಜಾಗದಲ್ಲಿದ್ದರು. ಕಾಂಕ್ರೀಟ್ ಕಲಸುವ ಯಂತ್ರದ ಸದ್ದು ನಮಗೂ ಕೇಳುತ್ತಿತ್ತು. ಇಬ್ಬರೂ ಕೂಗಿಯೇ ಮಾತಾಡಬೇಕಿತ್ತು.

"ಅವ್ವಾ, ಎರಡು ಬಂತವ್ವಾ! ಒಪ್ಪಿದ್ರು!"

"ಏನ ಎರಡು?"

"ಎರಡು ಬರಬೇಕಿತ್ತು, ಎರಡ ಬಂತು!"

ಆ ಕಡೆ ಯಂತ್ರ ನಿಂತಿತು. ತಾಯಿಯ ದನಿ ಈಗ ಮೆಟ್ಟಿಲ ತುಂಬ ಸ್ಪಷ್ಟವಾಗಿ ಕೇಳಿಸಿತು.

"ಎರಡು ಬರಾಕ ಇಷ್ಟ ವರ್ಷ ಬೇಕಾತೇನ ನಿನಗ?"

ಮೇಡಂ ಬಾಯಿಗೆ ಸೆರಗು ಹಚ್ಚಿ ನಗತೊಡಗಿದರು. ವಿದ್ಯಾರ್ಥಿನಿ ಕಣ್ಣೊರೆಸಿಕೊಂಡು, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು.

"ಹೂಂನವ್ವಾ, ಬೇಕಾತು!"